ಅರ್ಧ ಕೆಂಡ

ಸಂಜೆ ದೇವರಿಗೆ ಧೂಪ ಹಾಕಬೇಕೆಂದರೆ ನನಗೆ ಇವತ್ತಿಗೂ ಕೆಂಡವೇ ಬೇಕು. ಅಂಗಡಿಯಲ್ಲಿ ಸಿಗುವ ಧೂಪದ ಕಡ್ಡಿ ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ತೆಂಗಿನ ಚಿಪ್ಪಿನ ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸಿನ ಉರಿಗೆ ಒಡ್ಡುತ್ತೇನೆ. ಮೊದಲು ಚಿಪ್ಪಿನ ನಾರು ಚಟಚಟ ಎನ್ನುತ್ತದೆ, ಆಮೇಲೆ ಎಣ್ಣೆ ಬೆವರಿದ ಹಾಗಾಗಿ ಒಂದು ಕಮಟು ಹೊಗೆ ಏಳುತ್ತದೆ, ಆಮೇಲೆ ನಿಧಾನವಾಗಿ ಕೆಂಪಾಗುತ್ತದೆ. ಆ ಕಮಟು ಹೊಗೆ ಮೂಗಿಗೆ ಬಡಿದದ್ದೇ ತಡ, ಸೊರಬದ ಈ ನನ್ನ ಅಡುಗೆಮನೆ ಎಲ್ಲೋ ಹೋಗಿಬಿಡುತ್ತದೆ. ನಾನು ಶಿಕಾರಿಪುರದ ಆ ಹಳೆಯ ಮನೆಯ ನಡುಬಾಗಿಲಲ್ಲಿ, ಕೈಯಲ್ಲಿ ಖಾಲಿ ಚಿಪ್ಪು ಹಿಡಿದು, ಬಾಯಿ ಕಟ್ಟಿದವಳ ಹಾಗೆ ನಿಂತಿರುತ್ತೇನೆ. ಅವತ್ತು ಅಲ್ಲಿ ಏನಾಯಿತೆಂದು ಇಷ್ಟು ವರ್ಷ ನಾನು ತಿಳಿದುಕೊಂಡದ್ದು ಒಂದು, ಈಗ ತಿಳಿದಿರುವುದು ಇನ್ನೊಂದು. ಎರಡನ್ನೂ ಜೋಡಿಸಿ ನೋಡಿದರೆ ತಲೆ ಗಿರ್ರೆನ್ನುತ್ತದೆ. ಬರೆದರಾದರೂ ತಿಳಿಯಾದೀತೇನೋ ಎಂದು ಕೂತಿದ್ದೇನೆ.

ಎಪ್ಪತ್ತರ ದಶಕದ ಮಾತು. ಆನವಟ್ಟಿ ಕಡೆಯ ನಮ್ಮ ಹಳ್ಳಿಯಿಂದ ಕಾಲೇಜಿಗೆಂದು ಹೊರಟ ಮೊದಲ ಹುಡುಗಿ ನಾನೇ. ಶಿಕಾರಿಪುರದಲ್ಲಿ ಗಂಗಮ್ಮಜ್ಜಿ ಎಂಬ ಹಿರಿಯ ವಿಧವೆ ತಮ್ಮ ದೊಡ್ಡ ಮನೆಯನ್ನು ಓದುವ ಹುಡುಗಿಯರಿಗೆ ಬಿಟ್ಟುಕೊಟ್ಟಿದ್ದರು. ಅದು ಹಾಸ್ಟೆಲ್ ಅಲ್ಲ, ಊಟ ಹಾಕುವವರಿರಲಿಲ್ಲ. ಅಕ್ಕಿ ಬೇಳೆ ಮನೆಯಿಂದ ತಂದುಕೊಂಡು ನಾವೇ ಬೇಯಿಸಿಕೊಳ್ಳಬೇಕು. ಒಳಗಿನ ಅಡುಗೆಮನೆಯಲ್ಲಿದ್ದದ್ದು ದೊಡ್ಡ ಒಲೆ. ಹಿಂಭಾಗದ ತಗಡಿನ ಮಾಡಿನ ಕೆಳಗಿದ್ದದ್ದು ಹಿತ್ತಲ ಒಲೆ. ಇವೆರಡಲ್ಲದೆ ಬಚ್ಚಲಲ್ಲಿ ನೀರು ಕಾಯಿಸುವ ಹಂಡೆ ಒಲೆ, ಅದನ್ನು ಯಾರೂ ಒಲೆ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಮನೆಯ ಹುಡುಗಿಯರೆಲ್ಲ ಒಂದೋ ದೊಡ್ಡ ಒಲೆಯವರು, ಇಲ್ಲವೇ ಹಿತ್ತಲ ಒಲೆಯವರು. ಒಟ್ಟಿಗೆ ಉಣ್ಣುವುದು, ಒಟ್ಟಿಗೆ ಕಾಲೇಜಿಗೆ ನಡೆಯುವುದು, ಜ್ವರ ಬಂದರೆ ಗಂಜಿ ಮಾಡಿಕೊಡುವುದು, ಅಳು ಬಂದರೆ ಬೈದು ಸುಮ್ಮನಾಗಿಸುವುದು ಎಲ್ಲವೂ ಒಲೆಯ ಪ್ರಕಾರವೇ. ದೊಡ್ಡ ಒಲೆಗೆ ಶಾರದಕ್ಕ ಹಿರಿಯಳು. ಅವಳ ಒಲೆಯವರು ಲಿಂಗಪೂಜೆ ಮಾಡದೆ ತಟ್ಟೆ ಮುಟ್ಟುತ್ತಿರಲಿಲ್ಲ. ಹಿತ್ತಲ ಒಲೆಯವರು ನಗುವವರು, ಹಾಡುವವರು, ಮಂಡಕ್ಕಿಗೆ ಖಾರ ಹಚ್ಚಿ ರಾತ್ರಿ ಊಟವೆಂದು ಮುಗಿಸಿಬಿಡುವವರು.

ಹೊಸ ಹುಡುಗಿಯರನ್ನು ಒಲೆಗೆ ಸೇರಿಸಿಕೊಳ್ಳಲು ಅಲ್ಲೊಂದು ಪದ್ಧತಿಯಿತ್ತು. ಯಾರು ಶುರು ಮಾಡಿದರೋ ದೇವರೇ ಬಲ್ಲ. ಬಂದ ಮೊದಲ ವಾರ ಹೊಸಬರಿಗೆ ಒಲೆಯಿಲ್ಲ, ಆದರೆ ಎರಡೂ ಕಡೆ ಕರೆದು ಉಣಿಸುತ್ತಿದ್ದರು. ದೊಡ್ಡ ಒಲೆಯವರು ಎಣ್ಣೆಗಾಯಿ ರೊಟ್ಟಿ ಮಾಡಿದರೆ ಹಿತ್ತಲಿನವರು ಪೈಪೋಟಿಗೆ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದರು. ಉಣ್ಣುವಾಗಲೇ ಪರೀಕ್ಷೆ. "ಹಾಡ್ತೀಯೇನೇ?" "ಕೊಡ ತುಂಬ ನೀರು ಸೇದ್ತೀಯಾ, ಅರ್ಧಕ್ಕೇ ಹಗ್ಗ ಬಿಡ್ತೀಯಾ?" "ನಿಮ್ಮನೇಲಿ ಎಮ್ಮೆ ಹಿಂಡ್ತದಾ?" ಎಮ್ಮೆಯ ವಿಷಯ ಕೇಳಿದವಳನ್ನು ಎಲ್ಲರೂ ನಕ್ಕು ಗೋಳುಹೊಯ್ದುಕೊಂಡರೂ ಉತ್ತರಕ್ಕೆ ಕಿವಿ ಮಾತ್ರ ಎಲ್ಲರದೂ ನೆಟ್ಟಗಾಗುತ್ತಿತ್ತು. ನಮ್ಮೊಲೆಗೆ ಬಾ ಎಂದು ಅವರು ಬಾಯಿಬಿಟ್ಟು ಕರೆಯುವಂತಿಲ್ಲ, ನಿಮ್ಮೊಲೆಗೆ ಬರುತ್ತೇನೆ ಎಂದು ನಾವು ಹೇಳುವಂತಿಲ್ಲ. ವಾರದ ಕೊನೆಗೆ, ಸಂಜೆ ದೀಪ ಹಚ್ಚಿದ ಮೇಲೆ, ಹೊಸ ಹುಡುಗಿಯರು ತೆಂಗಿನ ಚಿಪ್ಪಿನ ತಳಕ್ಕೆ ಒಂದಿಷ್ಟು ಬೂದಿ ಹಾಕಿಕೊಂಡು ತಮಗೆ ಬೇಕಾದ ಒಲೆಯ ಮುಂದೆ ನಿಂತು, "ಅಕ್ಕಾ, ಒಂದು ಕೆಂಡ ಕೊಡ್ತೀರಾ?" ಎಂದು ಕೇಳಬೇಕು. ಬೇಕಾದವಳಿದ್ದರೆ ಒಲೆಯ ಹಿರಿಯಳು ಚಿಪ್ಪಿಗೆ ಕೆಂಡ ಹಾಕುತ್ತಾಳೆ. ಬೇಡದವಳಿದ್ದರೆ, ಒಲೆ ನಿಗಿನಿಗಿ ಉರಿಯುತ್ತಿದ್ದರೂ, "ಒಲೆ ಆರೇತಿ" ಎನ್ನುತ್ತಾಳೆ. ಅಷ್ಟೇ. ಯಾಕೆ ಎಂದು ಕೇಳುವಂತಿಲ್ಲ. ಕೆಂಡ ಸಿಗದವಳಿಗೆ ಗಂಗಮ್ಮಜ್ಜಿಯ ಮನೆಯಲ್ಲಿ ಜಾಗವಿಲ್ಲ.

ಜಾಗ ಸಿಗದಿದ್ದರೆ ನನ್ನ ಕಾಲೇಜು ಅಲ್ಲಿಗೇ ಮುಗಿಯುತ್ತಿತ್ತು. ಟ್ರಂಕು ಇಳಿಸಿಕೊಟ್ಟು ಹೊರಡುವಾಗ ಅಪ್ಪ ಹೇಳಿದ್ದರು: "ಭಾನುವಾರ ಬರ್ತೀನಿ. ಉಣ್ಣಕ್ಕೆ ಒಂದು ನೆಲೆ ಆಗಿದ್ರೆ ಇರು. ಇಲ್ದಿದ್ರೆ ನನ್ ಸಂಗಡ ವಾಪಸ್ ಬಸ್ ಹತ್ತು." ಮನೆಯಲ್ಲಿ ನನಗೆ ಗಂಡು ನೋಡಿಯಾಗಿತ್ತು, ಅಪ್ಪನಿಗೆ ಓದಿಸಬೇಕೆಂಬ ಆಸೆ ಒಂದು ಎಳೆಯಷ್ಟಿತ್ತು, ಅವ್ವನಿಗೆ ಅದೂ ಇರಲಿಲ್ಲ.

ಅದೇ ಬಸ್ಸಿನಲ್ಲಿ ನನ್ನ ಜೊತೆ ಇಳಿದವಳು ಹಸೀನಾ. ಆನವಟ್ಟಿಯ ಕಲಾಯಿ ಸಾಬರ ಮಗಳು. ತಾಮ್ರ ಹಿತ್ತಾಳೆ ಪಾತ್ರೆಗೆ ತವರದ ಕಲಾಯಿ ಹಾಕುವುದು ಅವಳಪ್ಪನ ಕಸುಬು. ನಮ್ಮ ಹಳ್ಳಿಗೂ ಬೆಂಕಿ ಊದುವ ತಿದಿ ಹೊತ್ತುಕೊಂಡು ಬರುತ್ತಿದ್ದರು. ಅವಳ ಮಾತು ಬಲು ಚುರುಕು. ಬಸ್ಸಿನಲ್ಲಿ ನಾನು ವಾಂತಿ ಮಾಡಿಕೊಳ್ಳುವಂತಾದಾಗ ಕೈಗೊಂದು ನಿಂಬೆಹಣ್ಣು ಕೊಟ್ಟು, "ಮೂಸಿ ನೋಡ್ತಾ ಇರು ಮಾರಾಯ್ತಿ, ನನ್ ಹೊಸ ಲಂಗದ ಮೇಲೆ ಮಾತ್ರ ಬೇಡ" ಎಂದವಳು. ಕರೆದು ಉಣಿಸುವ ವಾರದಲ್ಲಿ ಅವಳನ್ನೂ ಕರೆದರು. ನಮ್ಮ ತಟ್ಟೆಗಳ ಸಾಲಿನಿಂದ ಅವಳ ತಟ್ಟೆ ಒಂದು ಗೇಣು ಆಚೆಗಿರುತ್ತಿತ್ತು. ನಾನು ನೋಡಿದ್ದೆ, ಅವಳೂ ನೋಡಿದ್ದಳು.

ಕೆಂಡದ ಸಂಜೆ ಬಂತು. ಬೆಳಗಿನಿಂದ ನನಗೆ ಒಂದೇ ಕನವರಿಕೆ: ದೊಡ್ಡ ಒಲೆ ಸಿಗಲಪ್ಪಾ ಶಿವನೇ, ಪೂಜೆಗೆ ತೊಂದರೆಯಾಗದಿರಲಿ. ಗಂಗಮ್ಮಜ್ಜಿ ದೀಪ ಹಚ್ಚಿದರು, ಎಲ್ಲರೂ ಕೈಮುಗಿದೆವು. ಚಿಪ್ಪಿಗೆ ಬೂದಿ ಹಾಕಿಕೊಂಡು ನಡುಬಾಗಿಲವರೆಗೆ ಹೋದೆ. ಎದುರಿಗೇ ದೊಡ್ಡ ಒಲೆ, ಅದರ ಮುಂದೆ ಊದುಕೊಳವೆ ಹಿಡಿದು ಶಾರದಕ್ಕ ಕೂತಿದ್ದಳು. ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಅವ್ವನ ಮುಖ ಕಣ್ಣ ಮುಂದೆ ಬಂತು. ನಮ್ಮ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಬೆಂಕಿ ಕೇಳುವ ಹಾಗಿರಲಿಲ್ಲ, ಕೊಡುವ ಹಾಗೂ ಇರಲಿಲ್ಲ. ಉಪ್ಪು, ಮೊಸರು, ಸೂಜಿ, ಬೆಂಕಿ, ಇವು ಮುಸ್ಸಂಜೆ ಹೊಸಿಲು ದಾಟಿದರೆ ಮನೆಯ ಲಕ್ಷ್ಮಿ ಅವುಗಳ ಹಿಂದೆಯೇ ಹೊರಟುಬಿಡುತ್ತಾಳೆ ಎಂದು ಅವ್ವ ಮೊಲೆಹಾಲಿನ ಜೊತೆ ಕುಡಿಸಿದ್ದಳು. ನಿಮ್ಮ ಮನೆಗಳಲ್ಲೂ ಇದು ಇದ್ದಿರಬೇಕು. ವಾರವಿಡೀ ಪದ್ಧತಿಯ ಮಾತು ಕೇಳಿಸಿಕೊಂಡಿದ್ದರೂ ಇದು ನನಗೆ ಹೊಳೆದೇ ಇರಲಿಲ್ಲ. ಈಗ ಹೊಳೆಯಿತು. ನನ್ನೊಬ್ಬಳ ಓದಿಗಾಗಿ ಆ ಮುದುಕಿಯ ಮನೆಯ ಲಕ್ಷ್ಮಿಯನ್ನು ಹೊರಗೆ ಕರೆಯುವುದೇ? ಉಳಿದ ಹೊಸಬರು ಹೋದರು, ಕೇಳಿದರು, ತಂದರು. ಅವರಿಗೆಲ್ಲ ಗೊತ್ತಿಲ್ಲವೇ, ಅಥವಾ ಕಾಲೇಜಿಗೆ ಬಂದ ಮೇಲೆ ಇದೆಲ್ಲ ಇಲ್ಲವೇ? ಯಾರನ್ನು ಕೇಳಲಿ? ಶಾರದಕ್ಕ ಒಮ್ಮೆ ತಲೆಯೆತ್ತಿ ನನ್ನನ್ನೇ ನೋಡಿದಳು. ನಾನೂ ನೋಡಿದೆ. ನಾಲಗೆ ಏಳಲೇ ಇಲ್ಲ. ಸ್ವಲ್ಪ ಹೊತ್ತಿಗೆ ಅವಳು ಕೊಳ್ಳಿಗಳನ್ನು ಹಿಂದಕ್ಕೆಳೆದು ಎದ್ದುಬಿಟ್ಟಳು.

ಕೋಣೆಗೆ ಬಂದು ಟ್ರಂಕಿಗೆ ಸೀರೆ ಲಂಗ ತುಂಬುತ್ತಿದ್ದೆ. ಹಸೀನಾ ಎರಡೂ ಕೈಯಲ್ಲಿ ಚಿಪ್ಪು ಹಿಡಿದು, ಉಫ್ ಉಫ್ ಎಂದು ಊದುತ್ತಾ ಒಳಗೆ ಬಂದಳು. ಬೂದಿಯ ನಡುವೆ ಬೆರಳುದ್ದದ ಕೆಂಡ.

"ನಿಂದೆಲ್ಲಿ?" ಎಂದಳು.

"ನಾನು ಕೇಳ್ಲಿಲ್ಲ ಕಣೇ. ದೀಪ ಹಚ್ಚಿದ ಮೇಲೆ ಬೆಂಕಿ ಕೇಳಬಾರ್ದು."

ಅವಳು ನನ್ನ ಮುಖವನ್ನೇ ನೋಡಿದಳು. ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ.

"ನಿಂಗೆ ಯಾರು ಕೊಟ್ರು?" ಎಂದು ಕೇಳಿದೆ.

"ಹಿತ್ತಲ ಒಲೆಯೋರು. ನೀನಿಲ್ದೆ ಆ ಹಾಡೋರ ಮಧ್ಯೆ ನಾನೇನು ಮಾಡ್ಲಿ? ತಗೋ, ಇದ್ರಲ್ಲೇ ಅರ್ಧ ಮಾಡಣ. ಬಾವಿ ಹತ್ರ ಮೂರು ಕಲ್ಲು ಇಟ್ರೆ ಅದೂ ಒಲೇನೇ."

"ಆದ್ರೆ ದೀಪ ಹಚ್ಚಿ ಆಗಿದೆಯಲ್ಲೇ..."

"ನೀನು ಕೇಳ್ಬೇಡ ಮಾರಾಯ್ತಿ, ನಾನೇ ಕೊಡ್ತಿದೀನಿ. ಕೇಳ್ದೆ ಕೊಟ್ರೆ ನಿಮ್ ಲಕ್ಷ್ಮಿ ಯಾಕೆ ಹೋಗ್ತಾಳೆ? ನಾವೇನು ಹೊಸಿಲು ದಾಟಿದೀವಾ?"

ಅವಳು ಹೇಳಿದ್ದು ಸರಿಯೋ ತಪ್ಪೋ ನನಗೆ ತಿಳಿಯಲಿಲ್ಲ. ಹೇರ್‌ಪಿನ್ನಿನಿಂದ ಆ ಕೆಂಡವನ್ನು ನಡುವೆ ಮುರಿದಳು. ಸಣ್ಣ ಸದ್ದಾಯಿತು, ಕಿಡಿ ಹಾರಿತು, ಒಂದು ಚೂರು ನನ್ನ ಚಿಪ್ಪಿಗೆ ಬಿತ್ತು. ಬೆಳಿಗ್ಗೆ ಬಾವಿಯ ಹತ್ತಿರ ಹೊಗೆ ಕಂಡು ಗಂಗಮ್ಮಜ್ಜಿ ಕೋಲೂರಿಕೊಂಡು ಬಂದರು. "ಇಬ್ಬರಿಗೂ ಕೆಂಡ ಸಿಕ್ಕೇತೇನ್ರವ್ವಾ?" ಎಂದರು. "ಸಿಕ್ಕೇತಿ ಅಜ್ಜಿ" ಎಂದಳು ಹಸೀನಾ, ಅವರದೇ ಧಾಟಿಯಲ್ಲಿ. ಅಜ್ಜಿ ಎರಡು ಚಿಪ್ಪನ್ನೂ ನೋಡಿದರು, ತಳ ಸುಟ್ಟಿತ್ತು. "ಹಂಗಾದ್ರೆ ಇರ್ರಿ. ಮಳೀ ಬಂದ್ರೆ ಮಾತ್ರ ನನ್ನ ಬೈಬ್ಯಾಡ್ರಿ" ಎಂದು ಹೊರಟುಹೋದರು.

ಭಾನುವಾರ ಅಪ್ಪ ಬಂದರು. ಮೂರು ಕಲ್ಲಿನ ಒಲೆಯನ್ನು ನೋಡಿದರು, ಅನ್ನ ಕುದಿಯುತ್ತಿದ್ದ ಪಾತ್ರೆಯನ್ನು ನೋಡಿದರು, ಸೌಟು ಹಿಡಿದಿದ್ದ ಹಸೀನಾಳನ್ನು ನೋಡಿದರು. "ಯಾರ ಮಗಳಮ್ಮ?" ಎಂದರು. ಅವಳು ಹೇಳಿದಳು. ಅಪ್ಪ ಬಾವಿಕಟ್ಟೆಯ ಮೇಲೆ ಕೂತು, ಟವೆಲಿನಿಂದ ಕುತ್ತಿಗೆ ಒರೆಸಿಕೊಂಡು, "ನಮ್ಮನೆ ಅಷ್ಟೂ ಪಾತ್ರೆ ನಿಮ್ಮಪ್ಪನ ಕೈಯಲ್ಲೇ ಕಲಾಯಿ ಆಗಿದ್ದು. ಇಷ್ಟು ವರ್ಷ ಅದರಲ್ಲೇ ಉಂಡೀವಿ" ಎಂದರು. "ಒಂದ್ ಲೋಟ ನೀರು ಕೊಡ್ರಮ್ಮ" ಎಂದು ಇಬ್ಬರ ನಡುವೆ ಎಲ್ಲೋ ನೋಡುತ್ತಾ ಕೇಳಿದರು. ನಾನು ಏಳುವಷ್ಟರಲ್ಲಿ ಹಸೀನಾ ತಂದಿದ್ದಳು. ಅಪ್ಪ ಲೋಟವನ್ನು ಒಂದು ಕ್ಷಣ ಕೈಯಲ್ಲೇ ಹಿಡಿದಿದ್ದು, ಕಣ್ಣು ಮುಚ್ಚಿ, ಎತ್ತಿ ಕುಡಿದರು. ಊರಿಗೆ ಹೋಗಿ ಅವ್ವನಿಗೆ ಹೇಳಿದ್ದು ಇಷ್ಟೇ: "ಒಳ್ಳೆ ಹುಡುಗಿ ಜೊತೆ ಸಿಕ್ಕಿದೆ, ಇಬ್ಬರೂ ಬೇಯಿಸ್ಕಂತಾವೆ." ಆ ಹುಡುಗಿಯ ಹೆಸರನ್ನು ಅವರು ಸಾಯುವ ತನಕ ಅವ್ವನಿಗೆ ಹೇಳಲಿಲ್ಲ. ಅದೂ ಶಿವನ ಒಂದು ಕೃಪೆ ಎಂದು ನಾನು ಎಣಿಸಿಕೊಂಡಿದ್ದೇನೆ.

ಆ ಮೂರು ಕಲ್ಲಿನ ಮೇಲೆ ಬೆಂದ ಅನ್ನದ ಬಗ್ಗೆ ಏನು ಹೇಳಲಿ? ಮಳೆ ಬಂದರೆ ಕೊಡೆ ಹಿಡಿದು ಬೇಯಿಸುತ್ತಿದ್ದೆವು, ಒಬ್ಬಳು ಊದಿದರೆ ಇನ್ನೊಬ್ಬಳು ಕೊಡೆ. ನಾನು ಲಿಂಗಪೂಜೆಗೆ ಕೂತರೆ ಅವಳು ಅನ್ನ ಸೀಯದಂತೆ ನೋಡಿಕೊಳ್ಳುತ್ತಿದ್ದಳು. ರಂಜಾನಿನಲ್ಲಿ ಅವಳಿಗಾಗಿ ನಾನು ನಸುಕಿಗೆ ಮುಂಚೆಯೇ ಒಲೆ ಹೊತ್ತಿಸುತ್ತಿದ್ದೆ. ಎರಡು ವರ್ಷ ಓದಿದೆ. ಆಮೇಲೆ ಮದುವೆಯಾಯಿತು, ಸೊರಬಕ್ಕೆ ಬಂದೆ. ಓದಿದ್ದು ನನಗೆ ಕೆಲಸ ಕೊಡಿಸಲಿಲ್ಲ, ಆದರೆ ಮಕ್ಕಳನ್ನು ಪಾಠಕ್ಕೆಂದು ಇನ್ನೊಬ್ಬರ ಮನೆಗೆ ಕಳಿಸಬೇಕಾಗಲಿಲ್ಲ. ಇದೂ ಸಣ್ಣದಲ್ಲ. ಹಸೀನಾ ಹಾನಗಲ್ ಕಡೆ ಸೊಸೆಯಾಗಿ ಹೋದಳು, ಅಲ್ಲೇ ಮಕ್ಕಳಿಗೆ ಟೀಚರಾದಳಂತೆ. ಅವಳು ತೀರಿಹೋದ ಸುದ್ದಿ ನನಗೆ ಆನವಟ್ಟಿ ಬಸ್ಸಿನಲ್ಲಿ, ಯಾರದೋ ಮಾತಿನ ನಡುವೆ ಸಿಕ್ಕಿತು. ಅವತ್ತು ಬಸ್ಸಿಳಿದು ಎತ್ತ ನಡೆಯುತ್ತಿದ್ದೇನೆಂದು ತಿಳಿಯದೆ ಸ್ಟ್ಯಾಂಡಿನ ಸುತ್ತಲೇ ತಿರುಗಿದೆ. ಇಷ್ಟು ವರ್ಷವೂ ನಾನು ನಂಬಿದ್ದು ಒಂದೇ: ಅವಳು ತನಗೆ ಸಿಕ್ಕ ಒಲೆಯನ್ನು ನನಗಾಗಿ ಬಿಟ್ಟು ಬಂದಳು ಎಂದು.

ಹೋದ ವರ್ಷ ಚಂದ್ರಗುತ್ತಿ ಅಮ್ಮನ ದರ್ಶನ ಮುಗಿಸಿ ಮೆಟ್ಟಿಲಿಳಿಯುತ್ತಿದ್ದೆ. "ಗಿರಿಜಾ ಅಲ್ಲೇನೇ?" ಎಂದು ಯಾರೋ ಕೂಗಿದರು. ತಿರುಗಿದರೆ, ಕೂದಲೆಲ್ಲ ಬೆಳ್ಳಗಾದ ಶಾರದಕ್ಕ. ನೆರಳಿನಲ್ಲಿ ಕೂತು ಪ್ರಸಾದದ ಕಾಯಿ ಹಂಚಿಕೊಂಡೆವು. ಮಾತು ಒಲೆಗೆ ಬಂತು.

"ಅವತ್ತು ನಿನಗೆ ಅಂತ ಒಳ್ಳೆ ಹುಣಸೆ ಕೆಂಡ ಇಟ್ಕಂಡು ಕೂತಿದ್ದೆ ಕಣೇ" ಎಂದಳು. "ಹಿತ್ತಲೋರೂ ನಿನಗೆ ಅಂತ ಇಟ್ಟಿದ್ರು. ನೀನು ನೋಡಿದ್ರೆ ಕಂಬದ ಹಂಗೆ ನಿಂತಿದ್ದು ಹೋದೆ. ನಮ್ಮ ಒಲೆ ನಿನಗೆ ಸೇರಲಿಲ್ಲ ಅಂತ ಎಷ್ಟು ಸಿಟ್ಟು ಬಂದಿತ್ತು!"

"ಹಸೀನಾಗೆ ಹಿತ್ತಲೋರು ಕೊಟ್ಟಿದ್ರಲ್ಲ, ಅದ್ರಲ್ಲೇ ಅರ್ಧ ನಂಗೂ ಕೊಟ್ಲು ಅಕ್ಕಾ" ಎಂದೆ.

ಶಾರದಕ್ಕ ಕಾಯಿ ಅಗಿಯುವುದನ್ನು ನಿಲ್ಲಿಸಿದಳು. "ಹಿತ್ತಲೋರಾ? ಅವರೂ ಒಲೆ ಆರೇತಿ ಅಂದಿದ್ರಲ್ಲೇ. ನೀನು ಹೋದ ಮೇಲೆ ನಮ್ಮಲ್ಲಿಗೂ ಬಂದಿದ್ಲು. ನಾನೂ ಅದನ್ನೇ ಅಂದೆ." ಸೆರಗಿಗೆ ಕೈ ಒರೆಸಿಕೊಂಡು, "ಅವರು ಕೊಟ್ಟಿರಬೇಕು ಅಂತ ನಾವು, ನಾವು ಕೊಟ್ಟಿರಬೇಕು ಅಂತ ಅವರು. ಆಮೇಲೆ ಗೊತ್ತಾಯ್ತು, ಅವಳಿಗೆ ಯಾರೂ ಕೊಟ್ಟಿರ್ಲಿಲ್ಲ. ನಮಗೆ ಬಾಯಿಬಿಟ್ಟು ಹೇಳಕ್ಕೆ ಮುಖ ಇರ್ಲಿಲ್ಲ, ಸುಮ್ಮನಾದ್ವಿ" ಎಂದಳು.

ಹಾಗಾದರೆ ಆ ಕೆಂಡ? ಹಂಡೆ ಒಲೆಯದ್ದೇ ಇರಬೇಕು. ಯಾರೂ ಒಲೆ ಎಂದು ಲೆಕ್ಕಕ್ಕೆ ಹಿಡಿಯದ ಆ ಬಚ್ಚಲ ಒಲೆಯಿಂದ, ಎರಡೂ ಕಡೆ ಇಲ್ಲವೆನ್ನಿಸಿಕೊಂಡು ಬಂದ ಹುಡುಗಿ, ತಾನೇ ಗೋರಿಕೊಂಡು ಬಂದದ್ದು. ಅದನ್ನೂ ಅರ್ಧ ಮಾಡಿದ್ದಳು. ಗೋರುವಾಗ ಅವಳ ಕೈ ಸುಟ್ಟಿತ್ತೇ? ನೆನಪಿಸಿಕೊಳ್ಳಲು ನೋಡುತ್ತೇನೆ, ಕಿಡಿ ಕಾಣುತ್ತದೆ, ಕೈ ಕಾಣುವುದಿಲ್ಲ. ನಾನು ಅವತ್ತು ಬಾಯಿಬಿಟ್ಟು ಕೇಳಿದ್ದರೆ ದೊಡ್ಡ ಒಲೆ ಸೇರುತ್ತಿದ್ದೆ, ಅವಳು ಮರುದಿನ ಬಸ್ಸು ಹತ್ತುತ್ತಿದ್ದಳು. ಅವ್ವ ಹೇಳಿಕೊಟ್ಟ ಭಯ ನನ್ನ ನಾಲಗೆ ಕಟ್ಟಿತು, ಇಬ್ಬರೂ ಉಳಿದೆವು. ಯಾರು ಯಾರನ್ನು ಉಳಿಸಿದ್ದು? ಹಿತ್ತಲ ಒಲೆಯವರು ಕೊಟ್ಟರೆಂದು ಅವಳು ಹೇಳಿದ್ದು ತನ್ನ ಮಾನಕ್ಕೋ, ನನ್ನ ಸಮಾಧಾನಕ್ಕೋ? ಕೇಳಲು ಅವಳಿಲ್ಲ. ಗಂಗಮ್ಮಜ್ಜಿಯ ಮನೆ ಇದ್ದ ಜಾಗದಲ್ಲಿ ಈಗ ಸಿಮೆಂಟಿನ ಗೋಡೌನು ಎದ್ದಿದೆ, ಬಾವಿ ಮುಚ್ಚಿದ್ದಾರೆ. ಶಿವ ಏನು ಲೆಕ್ಕ ಹಾಕಿದ್ದನೋ, ನನ್ನ ಬುದ್ಧಿಗೆ ಎಟುಕುವುದಿಲ್ಲ.

ಧೂಪಕ್ಕೆ ಒಂದು ಕೆಂಡ ಸಾಕು. ಆದರೂ ಚಂದ್ರಗುತ್ತಿಯಿಂದ ಬಂದಾಗಿನಿಂದ ಅದನ್ನು ಇಕ್ಕಳದಲ್ಲಿ ಒತ್ತಿ ಎರಡು ಮಾಡುತ್ತೇನೆ. ಮೊನ್ನೆ ಸೊಸೆ ನೋಡಿ, "ಯಾಕತ್ತೆ, ಹಾಗೆ ಮುರಿದರೆ ಬೇಗ ಆರಿ ಹೋಗಲ್ವಾ?" ಎಂದಳು.

"ಇಲ್ಲ ಕಣಮ್ಮ, ಆರಲ್ಲ" ಎಂದೆ. ಎರಡು ಚೂರನ್ನೂ ಪಕ್ಕಪಕ್ಕ ಇಟ್ಟು ಮೇಲೆ ಧೂಪ ಉದುರಿಸಿ ಊದಿದೆ.