ಬದನೆ ಗಿಡಕ್ಕೂ ಚೀಟಿ ಬರೆದ ಕಂಪೌಂಡರ್

ಸಾಯಬಣ್ಣ ಜೂನ್ ಐದನೆಯ ತಾರೀಖು, ಗುರುವಾರ ಮಧ್ಯಾಹ್ನ, ವಾಡಿಯಲ್ಲಿ ತೀರಿಕೊಂಡ. ಹೃದಯಾಘಾತ. ವಯಸ್ಸು ನಲವತ್ತೊಂಬತ್ತು.

ಶಹಾಬಾದಿನ ಶಾಲೆಯಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಆಮೇಲೆ ನಾನು ಚಿತ್ತಾಪುರದಲ್ಲಿ ಮಾಸ್ತರನಾದೆ. ಅವನು ವಾಡಿಯಲ್ಲಿ ಡಾಕ್ಟರ್ ಕಾಶೀನಾಥರ ದವಾಖಾನೆಯ ಕಂಪೌಂಡರ್ ಆದ. ಇಪ್ಪತ್ತೆರಡು ವರ್ಷ ಅಲ್ಲಿ ಚೀಟಿ ಬರೆದ, ಗಾಯ ತೊಳೆದ, ಇಂಜೆಕ್ಷನ್ ಚುಚ್ಚಿದ. ಕೊನೆಯ ವರ್ಷ ಮಾತ್ರ ಇದರ ಜೊತೆಗೆ ಜೀವಶಾಸ್ತ್ರ ಕಲಿಸಿದ, ಯಾರೂ ಕೇಳದಿದ್ದರೂ.

ಕೋಡ್ಲಾದಲ್ಲಿರುವ ಅವನ ತಂಗಿ ಯಂಕಮ್ಮನ ಮಗಳು ಅಂಬಿಕಾ ಮೊದಲ ಸಲ ನೀಟ್ ಬರೆದಾಗ ಸೀಟು ಸಿಕ್ಕಿರಲಿಲ್ಲ. ಇನ್ನೊಂದು ಸಲ ಬರೆಯಲೆಂದು ಮಾವನ ಮನೆಗೆ ಬಂದಳು. ಮಗಳನ್ನು ಬಿಟ್ಟು ಹೋಗುವಾಗ ಯಂಕಮ್ಮ ಬಾಗಿಲಲ್ಲೇ ನಿಂತು ಹೇಳಿದ್ದಳು: "ಯಣ್ಣಾ, ಇದೊಂದೇ ವರ್ಷ ನೋಡು. ಆಗಲಿಲ್ಲಂದ್ರ ಬಿ.ಎ.ಗೆ ಹಚ್ಚತೀನಿ. ಆಮ್ಯಾಲ ನನ್ನ ಮುಂದ ಡಾಕ್ಟರ್ ಗೀಕ್ಟರ್ ಅನಬ್ಯಾಡ್ರಿ."

ಪುಸ್ತಕ ದಪ್ಪ, ದಿನ ಕಡಿಮೆ. ಯಾವ ಪಾಠ ಮೊದಲು ಓದಬೇಕು? ಸಾಯಬಣ್ಣನಿಗೆ ಇದು ಪ್ರಶ್ನೆಯೇ ಅಲ್ಲ. ಜನವರಿ ಪೂರ್ತಿ ದವಾಖಾನೆಗೆ ಬಂದ ಪೇಷಂಟುಗಳ ಪಟ್ಟಿ ಮಾಡಿದ. ಕೆಮ್ಮು, ದಮ್ಮು ಮುನ್ನೂರ ಹನ್ನೆರಡು. ಊರ ತುಂಬ ಸಿಮೆಂಟ್ ಧೂಳು, ಹೀಗಾಗಿ ಉಸಿರಾಟದ ಪಾಠ ಮೊದಲು. ಹೊಟ್ಟೆನೋವು ನೂರ ತೊಂಬತ್ತು, ಪಚನಕ್ರಿಯೆ ಎರಡನೆಯದು. ಮೂರನೆಯದು ಕಿಡ್ನಿ ಹರಳು. ಹೀಗೆ ಪಟ್ಟಿ ಮಾಡಿ ಗೋಡೆಗೆ ಅಂಟಿಸಿದ.

ಅಂಬಿಕಾ ಓದಿ ನೋಡಿ, "ಮಾಮಾ, ಇದರಾಗ ಸಸ್ಯಶಾಸ್ತ್ರ ಎಲ್ಲದ?" ಎಂದಳು.

"ಇಪ್ಪತ್ತೆರಡು ವರ್ಷದಾಗ ಒಂದ್ ಬೇವಿನ ಗಿಡ ಬಂದು ನನಗ ಚಳಿಜ್ವರ ಅದ ಅಂದಿಲ್ಲ ಬೇ. ಅದು ಆಮ್ಯಾಲ ನೋಡಮು."

ಮಾವನ ಮಾತಿನಲ್ಲಿ ಎಷ್ಟು ಭರವಸೆಯಿತ್ತೆಂದರೆ ಹುಡುಗಿ ನಂಬಿದಳು. ನಾನೂ ತಲೆಯಾಡಿಸಿದೆ. ನಾನು ಕಲಿಸುವುದು ಇತಿಹಾಸ.

ಪರೀಕ್ಷೆಗೆ ಮೂವತ್ತೆರಡು ದಿನ ಉಳಿದಾಗ, ಪಕ್ಕದ ಝೆರಾಕ್ಸ್ ಅಂಗಡಿಯ ಗುಲಾಮ್ ರಸೂಲ್ ಹಳೆಯ ಪ್ರಶ್ನೆಪತ್ರಿಕೆ ತೆಗೆದು ಕೊಡುತ್ತ ಕೇಳಿದ: "ಸಾಯಬಣ್ಣ ಭಾಯ್, ಇದೇನ್ ಡಾಕ್ಟರ್ ಪರೀಕ್ಷಾನೋ, ತ್ವಾಟದ ಮಾಲಿ ಪರೀಕ್ಷಾನೋ? ಅರ್ಧ ಗಿಡಾನೇ ಅದಾವಲ್ಲ!"

ಸಾಯಬಣ್ಣ ಅಲ್ಲೇ ಸ್ಟೂಲಿನ ಮೇಲೆ ಕೂತು ಎಣಿಸಿದ. ಜೀವಶಾಸ್ತ್ರದ ತೊಂಬತ್ತು ಪ್ರಶ್ನೆಗಳಲ್ಲಿ ಹೆಚ್ಚು ಕಡಿಮೆ ಅರ್ಧ ಅವನ ದವಾಖಾನೆಗೆ ಎಂದೂ ಬಾರದವು. ಅಲ್ಲಿಂದಲೇ ನನಗೆ ಫೋನ್ ಮಾಡಿದ. "ಹುಡುಗಿ ಬಾಳೇ ಹಾಳ್ ಮಾಡ್ದೆ ಮಾಸ್ತರ."

ಮರುದಿನ ನಾನು ಓಡಿಹೋದೆ. ದವಾಖಾನೆ ಮಧ್ಯಾಹ್ನ ಮೂರು ತಾಸು ಮುಚ್ಚಿರುತ್ತದೆ. ಒಳಗೆ ಪೇಷಂಟುಗಳ ಬೆಂಚಿನ ಮೇಲೆ ಉಳ್ಳಾಗಡ್ಡಿ, ಬದನೆ, ದಾಸವಾಳ, ಬೇರು ಸಮೇತ ಶೇಂಗಾ ಗಿಡ ಸಾಲಾಗಿ ಕೂತಿದ್ದವು. ಪ್ರತಿಯೊಂದಕ್ಕೂ ಒಂದು ಚೀಟಿ. ಡಾಕ್ಟರ ಕುರ್ಚಿಯಲ್ಲಿ ಅಂಬಿಕಾ.

"ನಂಬರ್ ನಾಕು!" ಎಂದು ಕೂಗಿ ಸಾಯಬಣ್ಣ ಶೇಂಗಾ ಗಿಡವನ್ನು ಕೈಹಿಡಿದು ಕರೆತಂದ. "ಶೇಂಗಾ. ಊರು ಚಿಮ್ಮನಚೋಡ. ವಯಸ್ಸು ಮೂರು ತಿಂಗಳು. ಬೇರಿಗಿ ಗಂಟು ಎದ್ದಾವ್ರಿ ಡಾಕ್ಟ್ರೇ."

"ಅದು ರೋಗ ಅಲ್ಲ ಮಾಮಾ. ಗಂಟಿನಾಗ ಬ್ಯಾಕ್ಟೀರಿಯಾ ಇರ್ತಾವ, ಗಾಳ್ಯಾಗಿನ ನೈಟ್ರೋಜನ್ ಹಿಡೀತಾವ."

"ಹಂಗಾದ್ರ ಗುಳಿಗಿ ಬ್ಯಾಡಾ?"

"ಬ್ಯಾಡ."

"ಸೂಜಿ?"

"ಮಾಮಾ!"

ಒಂದು ದಿನ ಗುರುಲಿಂಗಮ್ಮ ಎಂಬ ಮುದುಕಿ ಹೊತ್ತಿಗೆ ಮುಂಚೆಯೇ ಬಂದು ಬೆಂಚಿನ ತುದಿಗೆ ಕೂತಳು. ಬಹಳ ಹೊತ್ತು ಪಕ್ಕಕ್ಕೆ ನೋಡಿದಳು. ಕೊನೆಗೆ, "ಯಪ್ಪಾ, ಈ ಬದನಿಗಿಡದ ಪಾಳಿ ನನಕಿಂತ ಮೊದಲೇನು?" ಎಂದಳು.

"ಹೌದಬೇ, ಅದು ಹನ್ನೆರಡಕ್ಕೇ ಬಂದದ."

ಮುದುಕಿ ಒಪ್ಪಿಕೊಂಡು ಸರಿದು ಕೂತಳು. ಮೂವತ್ತು ದಿನದಲ್ಲಿ ನೂರಕ್ಕೂ ಹೆಚ್ಚು ಗಿಡಗಳು ತೋರಿಸಿಕೊಂಡು ಹೋದವು. ಕಾಶೀನಾಥ ಡಾಕ್ಟರು ಬೈಯಲಿಲ್ಲ. ಮಣ್ಣು ಮಾತ್ರ ಗುಡಿಸಿರಿ ಎಂದರು.

ಅಂಬಿಕಾ ಪರೀಕ್ಷೆ ಬರೆದು ಬಂದಳು. ಜೂನ್ ಮೂರಕ್ಕೆ ಸರಿಯುತ್ತರಗಳ ಪಟ್ಟಿ ಬಂತು. ಗಿಡಗಳ ಪ್ರಶ್ನೆಗಳಲ್ಲಿ ಅಂಬಿಕಾಳದು ನಾಲ್ಕೇ ತಪ್ಪು. ಸಾಯಬಣ್ಣ ಬೆಂಚಿಗೆ ಕೈಮುಗಿದ. ಆದರೆ ಕಿಡ್ನಿಯ ಪಾಠದಲ್ಲಿ, ಅವನೇ ಮೂರನೆಯದಾಗಿ ಇಟ್ಟು ಗಟ್ಟಿಯಾಗಿ ಕಲಿಸಿದ ಪಾಠದಲ್ಲಿ, ಒಂದು ತಪ್ಪಿತ್ತು. ದಿನಕ್ಕೆ ಮೂತ್ರಪಿಂಡ ಎಷ್ಟು ಸೋಸುತ್ತದೆ? ಅಂಬಿಕಾ ಮಾವ ಹೇಳಿದಂತೆ ಒಂದೂವರೆ ಲೀಟರ್ ಎಂದು ಗುರುತು ಹಾಕಿದ್ದಳು. ಪಟ್ಟಿಯಲ್ಲಿದ್ದದ್ದು ನೂರಾ ಎಂಬತ್ತು.

"ನೂರಾ ಎಂಬತ್ತು ಲೀಟರ್ ಯಾವ ಮನಷ್ಯಾ ಒಂದಕ್ಕ ಹೋಗ್ತಾನ್ರಿ ಸಾಹೇಬ್ರ? ನಮ್ಮ ನೀರಿನ ಟಾಕಿನೂ ಅಷ್ಟ್ ಹಿಡಿಯಂಗಿಲ್ಲ," ಎಂದು ಸಾಯಬಣ್ಣ ಡಾಕ್ಟರ ಮುಂದೆ ವಾದಿಸಿದ.

ಡಾಕ್ಟರು ನಕ್ಕರು. "ಸೋಸೂದು ಬ್ಯಾರೆ ಸಾಯಬಣ್ಣ, ಹೊರಗ ಬರೂದು ಬ್ಯಾರೆ. ಸೋಸಿದ್ದರಾಗ ಭಾಳಷ್ಟು ತಿರುಗಿ ರಕ್ತಕ್ಕೇ ಹೋಗ್ತದ."

ಅವನು ಒಪ್ಪಲಿಲ್ಲ. ಎರಡು ದಿನ ಊಟದ ಮೇಲೆ ಲಕ್ಷ್ಯವಿರಲಿಲ್ಲ. ಆ ಒಂದು ಪ್ರಶ್ನೆಯಿಂದಲೇ ಸೀಟು ತಪ್ಪುತ್ತದೆ, ಆ ತಪ್ಪು ತನ್ನದು ಎಂದು ಮನಸ್ಸಿಗೆ ಹಚ್ಚಿಕೊಂಡ. ದಿಲ್ಲಿಗೇ ಕಾಗದ ಬರೆಯುತ್ತೇನೆಂದು ಹಟ ಹಿಡಿದ. ತಕರಾರು ಆನ್‌ಲೈನಿನಲ್ಲೇ ಹಾಕಬೇಕು ಮಾಮಾ, ಉತ್ತರವೂ ಸರಿಯೇ ಇದೆ, ಎಂದು ಅಂಬಿಕಾ ಎಷ್ಟು ಹೇಳಿದರೂ ಕೇಳಲಿಲ್ಲ.

ಅವನು ಹೋದ ಹತ್ತು ದಿನದೊಳಗೆ ಫಲಿತಾಂಶ ಬಂತು. ಮುಂದೆ ಅಂಬಿಕಾಗೆ ಸರ್ಕಾರಿ ಕಾಲೇಜಿನಲ್ಲೇ ಸೀಟು ಸಿಕ್ಕಿತು. ಆ ಪ್ರಶ್ನೆಯ ಅಂಕ ಬರಲಿಲ್ಲ, ಬೇಕಾಗಲೂ ಇಲ್ಲ. ಇದು ಅವನಿಗೆ ಗೊತ್ತಾಗಲಿಲ್ಲ.

ತೀರಿಕೊಂಡ ಆ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಅವನು ಐದು ಪುಟದ ಕಾಗದ ಬರೆದು ಮುಗಿಸಿದ್ದ. ಪರೀಕ್ಷೆ ನಡೆಸುವ ಸಾಹೇಬರಿಗೆ, ದಿಲ್ಲಿ, ಎಂದು ವಿಳಾಸ. ಹುಡುಗಿಯದು ಏನೂ ತಪ್ಪಿಲ್ಲ, ಕಲಿಸಿದವನು ನಾನು, ಅಂಕ ಕಡಿಯುವುದಿದ್ದರೆ ನನ್ನದು ಕಡಿಯಿರಿ, ಎಂದು ಕೊನೆಯ ಸಾಲು. ಬಿಸಿಲಿನಲ್ಲಿ ನಡೆದುಹೋಗಿ ಅದನ್ನು ಅಂಚೆ ಡಬ್ಬಿಗೆ ಹಾಕಿದ್ದನ್ನು ಗುಲಾಮ್ ರಸೂಲ್ ನೋಡಿದ್ದಾನೆ. ಹಾಕಿದ ಮೇಲೆ ಸಾಯಬಣ್ಣ ಬಗ್ಗಿ ಡಬ್ಬಿಯ ಬಾಯಿಯೊಳಗೆ ಇಣುಕಿದ, ಕಾಗದ ಎಲ್ಲಾದರೂ ಸಿಕ್ಕಿಕೊಂಡೀತೆಂದು ಅಂಗೈಯಿಂದ ಎರಡು ಸಲ ಬಡಿದ.