ಇಪ್ಪತ್ತೆಂಟು ಮೈಲಿ ಕಡಿಮೆ ಗಾಳಿ

ಕ್ಲಿಫರ್ಡ್ ಹೌಶಮ್ ಮೂವತ್ತು ಬಾರಿ ಜರ್ಮನಿಯ ಮೇಲೆ ಹಾರಿದವನು, ಜರ್ಮನಿಯನ್ನು ನೋಡಿದವನಲ್ಲ. ಬಾಂಬರ್ ವಿಮಾನದಲ್ಲಿ ಪೈಲಟ್‌ನ ಬೆನ್ನ ಹಿಂದೆ, ದೀಪದ ಬೆಳಕು ಹೊರಬೀಳದಂತೆ ಕಪ್ಪು ಪರದೆ ಎಳೆದ ಗೂಡಿನಲ್ಲಿ, ಅವನು ನಕ್ಷೆಯ ಮೇಲೆ ದಾರಿ ಗುರುತಿಸುತ್ತಿದ್ದ. ಯುದ್ಧದ ನಂತರ ಲಿಂಕನ್‌ಶೈರ್‌ನ ಜೌಗುನೆಲದ ಕಾಲುವೆಗಳನ್ನು ಅಳೆದ. ಆ ಕಚೇರಿಯಲ್ಲಿ ಹನ್ನೊಂದು ವರ್ಷ ಅವನೆದುರಿನ ಮೇಜು ನನ್ನದು.

ಇಪ್ಪತ್ತು ಸಾವಿರ ಅಡಿಯ ತೆಳುಗಾಳಿಯಲ್ಲಿ ವೇಗದ ಮುಳ್ಳು ಗಂಟೆಗೆ ನೂರ ಅರವತ್ತೈದು ಮೈಲಿ ತೋರಿಸಿದರೆ, ಎತ್ತರವನ್ನೂ ಚಳಿಯನ್ನೂ ಲೆಕ್ಕಕ್ಕೆ ಹಿಡಿದಾಗ ನಿಜವಾದ ವೇಗ ಇನ್ನೂರ ಇಪ್ಪತ್ತಾರು. ಆ ವೇಗದಲ್ಲಿ ತಲುಪಬೇಕಾಗಿದ್ದ ಜಾಗಕ್ಕೂ ರೇಡಾರ್ ತೋರಿಸುವ ಜಾಗಕ್ಕೂ ನಡುವಿನ ಅಂತರವೇ ಗಾಳಿ. ಹೌಶಮ್‌ನದೂ ಸೇರಿ ಆಯ್ದ ಇಪ್ಪತ್ತು ವಿಮಾನಗಳವರು ಹೀಗೆ ಕಂಡುಕೊಂಡ ಗಾಳಿಯನ್ನು ರೇಡಿಯೋದಲ್ಲಿ ನೆಲೆಗೆ ತಿಳಿಸಬೇಕು. ನೆಲೆ ಸರಾಸರಿ ತೆಗೆದು ಮರಳಿಸಿದ ಅಂಕಿಯನ್ನು ಎಲ್ಲರೂ ಪಾಲಿಸಬೇಕು. ಗುಂಪು ಬಿಟ್ಟವನು ಶತ್ರುವಿನ ಬೇಟೆ ವಿಮಾನಗಳ ತುತ್ತು.

ನಲವತ್ತನಾಲ್ಕರ ಚಳಿಗಾಲ ಮುಗಿಯುತ್ತಿತ್ತು. ಹಿಂದಿನ ದಾಳಿಯಲ್ಲಿ ಹೌಶಮ್ ತೊಂಬತ್ತೆಂಟು ಮೈಲಿ ಗಾಳಿ ಎಂದು ಕಳಿಸಿದ್ದಕ್ಕೆ ಅಧಿಕಾರಿ ಪೆಟಿಫರ್ ತುಂಬಿದ ಕೋಣೆಯಲ್ಲಿ, "ಅದೇನ್ರೀ, ನಿಮ್ಮೊಬ್ಬರಿಗೇ ಬೀಸಿತ್ತಾ?" ಎಂದಿದ್ದರು. ಎಲ್ಲರೂ ನಕ್ಕಿದ್ದರು.

ಈ ಸಲ ಪಶ್ಚಿಮಕ್ಕೆ ಮರಳುವಾಗ ಉತ್ತರದ ಗಾಳಿ ನೂರ ಹದಿನೆಂಟು ಎಂದು ಬಂತು. ಮೂರು ಸಲ ಲೆಕ್ಕ ಹಾಕಿದರೂ ಅದೇ.

"ಬೇಗ ಕೊಡೋ, ಕಳಿಸೋ ಹೊತ್ತಾಯ್ತು," ಎಂದ ರೇಡಿಯೋದ ಸಗ್ಡನ್.

ಹೌಶಮ್ ತೊಂಬತ್ತು ಎಂದು ಬರೆದುಕೊಟ್ಟ.

ನೆಲೆಯಿಂದ ಮರಳಿ ಬಂದದ್ದು ಎಪ್ಪತ್ತೈದು. ಉಳಿದವರೂ ನಗೆಗೆ ಹೆದರಿ ಕಡಿತ ಮಾಡಿದ್ದಾರೆ, ಅದರ ಮೇಲೆ ನೆಲೆಯೂ ಕಡಿದಿದೆ ಎಂದು ಅವನಿಗೆ ಹೊಳೆಯಿತು. ಆ ಅಂಕಿಯನ್ನು ನಂಬಿದರೆ ವಿಮಾನ ಗಂಟೆಗೆ ನಲವತ್ತಮೂರು ಮೈಲಿ ದಕ್ಷಿಣಕ್ಕೆ ಜಾರಿ ರೂರ್ ಕಣಿವೆಯ ಫಿರಂಗಿಗಳ ಮೇಲೆ ಹೋಗುತ್ತದೆ. ನಂಬದಿದ್ದರೆ ಒಂಟಿ ಹಾರಾಟ. ವಿಮಾನದವರೆಲ್ಲರಿಗೂ ಕೇಳುವ ಮೈಕಿನ ಗುಂಡಿಯನ್ನು ಅವನು ಒತ್ತಿದ.

"ಸ್ಕಿಪರ್, ನೆಲೆ ಕೊಟ್ಟ ಗಾಳಿ ತಪ್ಪು. ನಾನು ಕಳಿಸಿದ್ದೂ ಸುಳ್ಳು. ನೂರ ಹದಿನೆಂಟಿತ್ತು, ತೊಂಬತ್ತು ಅಂದೆ."

"ಭೇಷ್!" ಎಂದ ಬಾಲದಲ್ಲಿ ತುಪಾಕಿ ಹಿಡಿದಿದ್ದ ಆಲ್ಫ್. "ಇವನ ಕೈಲಿ ನನ್ನ ಜೀವ!"

"ಬಾಯ್ಮುಚ್ಚು, ಆಲ್ಫ್." ಪೈಲಟ್ ಟ್ರ್ಯಾನ್ಮರ್‌ನ ದನಿ ಏರಲಿಲ್ಲ. "ಕ್ಲಿಫ್, ಈಗ ನೀನು ನಂಬೋದು ಯಾವುದನ್ನ?"

"ನೂರ ಹದಿನೆಂಟನ್ನ. ಬಲಕ್ಕೆ ಹನ್ನೆರಡು ಡಿಗ್ರಿ ತಿರುಗಿಸು. ಗುಂಪು ತಪ್ಪುತ್ತೆ."

ವಿಮಾನ ವಾಲಿತು. ಮೇಜಿನ ಮೇಲಿನ ಪೆನ್ಸಿಲ್ ಬಲಕ್ಕೆ ಉರುಳಿತು.

ಅರ್ಧ ಗಂಟೆಯ ಮೇಲೆ ಟ್ರ್ಯಾನ್ಮರ್ ಹೇಳಿದ: "ಎಡಕ್ಕೆ, ದೂರದಲ್ಲಿ, ಸರ್ಚ್‌ಲೈಟ್ ಕಾಡೇ ಎದ್ದಿದೆ. ನಮ್ಮವರು ಸಿಕ್ಕಿಹಾಕ್ಕೊಂಡಿದಾರೆ. ನೋಡ್ತೀಯಾ?"

ಹೌಶಮ್ ಪರದೆ ಸರಿಸಲಿಲ್ಲ.

ಆ ವಿಮಾನದ ಏಳು ಮಂದಿಯೂ ನೆಲೆ ಮುಟ್ಟಿದರು. ಪೆಟಿಫರ್ ಅವನ ಲೆಕ್ಕದ ಹಾಳೆ ಹಿಡಿದು ಕೇಳಿದರು: "ಇಲ್ಲಿ ನೂರ ಹದಿನೆಂಟು ಬರ್ದಿದೀರಿ. ತೊಂಬತ್ತು ಯಾಕೆ ಕಳಿಸಿದಿರಿ?"

"ನೀವು ನಗ್ತೀರಿ ಅಂತ, ಸರ್."

ಗೋಡೆಯ ಹಲಗೆಯಲ್ಲಿ ನಾಲ್ಕು ವಿಮಾನಗಳ ಎದುರು ಮರಳಿದ ಹೊತ್ತು ಬರೆದಿರಲಿಲ್ಲ.

ಅವನು ಕಡಿದ ಇಪ್ಪತ್ತೆಂಟು ಮೈಲಿಯನ್ನು ಇಪ್ಪತ್ತು ವಿಮಾನಗಳ ಸರಾಸರಿಗೆ ಭಾಗಿಸಿದರೆ ಅವನ ಪಾಲು ಗಂಟೆಗೆ ಒಂದೂವರೆ ಮೈಲಿಗೂ ಕಡಿಮೆ. ಅಷ್ಟರಿಂದ ಯಾರೂ ಸತ್ತಿರಲಾರರು, ನೆಲೆ ಹೇಗೂ ಕಡಿಯುತ್ತಿತ್ತು, ಎಂದು ಕಚೇರಿಯಲ್ಲಿ ನಾನೊಮ್ಮೆ ವಾದಿಸಿದೆ.

"ಬದುಕಿರೋ ಎಲ್ಲರೂ ಇದೇ ಭಾಗಾಕಾರ ಮಾಡ್ಕೊಂಡಿರ್ತಾರೆ ಕಣಯ್ಯ," ಎಂದ. "ಒಬ್ಬೊಬ್ಬರಿಗೂ ಕಡಿಮೇನೇ ಬರುತ್ತೆ."