ಟ್ಯಾಂಕಿನೊಳಗೆ ದೊಡ್ಡಪ್ಪನ ಜಾಗ

ನನ್ನ ೨೦೦೯ರ ಡೈರಿಯಲ್ಲಿ ಆಗಸ್ಟ್ ೨, ಭಾನುವಾರದ ಕೆಳಗೆ ಹೀಗಿದೆ: ಖಾಲಿ ರೀಫಿಲ್ ೨೬, ಉಪಯೋಗಕ್ಕೆ ಬರುವುದು ೧೯. ಬಾಲ್‌ಪೆನ್ನಿನ ರೀಫಿಲನ್ನು ಮೂರು ಸೆಂಟಿಮೀಟರಿಗೆ ಕತ್ತರಿಸಿದರೆ, ಮೂವತ್ತೈದರಲ್ಲಿ ಒಂದು ಪಾಲಿಗೆ ಇಳಿಸಿದ ಟ್ಯಾಂಕಿಗೆ ಸರಿಹೊಂದುವ ಗುಂಡು.

ಟ್ಯಾಂಕಿನ ಪ್ಲಾಸ್ಟಿಕ್ ಕಿಟ್ಟನ್ನು ಮುಂಬೈಯ ಚಿಕ್ಕಪ್ಪ ತಂದುಕೊಟ್ಟಿದ್ದರು. ಹೊರಗೆ ಎಲ್ಲ ಇತ್ತು, ಒಳಗೆ ಬರೀ ಪೊಳ್ಳು. ಹಾಲಾಡಿಯ ನನ್ನ ದೊಡ್ಡಪ್ಪ ಸೈನ್ಯದಲ್ಲಿದ್ದಾಗ ಅದೇ ಜಾತಿಯ ಟ್ಯಾಂಕಿನೊಳಗೆ ಹನ್ನೊಂದು ವರ್ಷ ಕಳೆದವರು. ಊರಿನವರಿಗೆಲ್ಲ ಅವರು ‘ಮಿಲಿಟ್ರಿ ಡ್ರೈವರ್’. ಅವರು ಟ್ಯಾಂಕ್ ಓಡಿಸಿದವರೇ ಅಲ್ಲ, ಫಿರಂಗಿಗೆ ಗುಂಡು ತುಂಬುತ್ತಿದ್ದವರು. ಒಳಗಿನ ಒಂದು ಫೋಟೋವೂ ಅವರ ಬಳಿ ಇರಲಿಲ್ಲ. ಅವರು ನಿಂತ ಜಾಗವನ್ನು ಇದ್ದ ಹಾಗೆಯೇ ಮಾಡಿ, ಕಾಲೇಜಿನ ಹವ್ಯಾಸ ಪ್ರದರ್ಶನದಲ್ಲಿ ಇಡಬೇಕೆಂದು ನಾನು ಹಟ ಹಿಡಿದೆ.

ನಾಲ್ಕು ಭಾನುವಾರ ತ್ರಾಸಿಯಿಂದ ಹಾಲಾಡಿಗೆ ಹೋದೆ. ಅವರು ಜಗಲಿಯ ಕುರ್ಚಿಯಲ್ಲಿ, ನಾನು ಎದುರಿನ ಮೆಟ್ಟಿಲಲ್ಲಿ.

“ಗನ್ನರ್ ಪಡು ಬದಿಗೆ, ಅವ್ನ್ ಹಿಂದೆ ಕಮಾಂಡರ್. ನಾನ್ ಮೂಡ್ ಬದಿಗೆ, ನಿತ್ಕಂಡೇ,” ಎಂದರು. ಹಾಗೆಯೇ ಬರೆದುಕೊಂಡೆ. ಬಲೆ ನೇಯುವ ನೈಲಾನ್ ದಾರ ವಯರಾಯಿತು, ಹಳೆ ಪರ್ಸಿನ ರೆಕ್ಸಿನ್ ಸೀಟಾಯಿತು.

“ಮಾರಾಯ್ತಿ, ಮುಚ್ಚಳ ಹಾಕ್ದ್ ಮೇಲೆ ಒಳ್ಗ್ ಯಾರ್ ಕಾಂತ್ರ್?” ಎಂದು ಅಮ್ಮ ಕೇಳಿದಳು.

“ನಾನ್ ಕಾಂತೆ.”

“ಕಾಣ್. ಅಕ್ಕಿ ಯಾರ್ ತೊಳುದ್?”

ಸೆಪ್ಟೆಂಬರ್ ೨೨, ಮಂಗಳವಾರ. ಪ್ರದರ್ಶನಕ್ಕೆ ಮೂರು ದಿನ ಉಳಿದಿತ್ತು. ಕುಂದಾಪುರಕ್ಕೆ ಕಣ್ಣು ತೋರಿಸಲು ಬಂದ ದೊಡ್ಡಪ್ಪ ನಮ್ಮ ಮನೆಗೂ ಬಂದರು. ಟ್ಯಾಂಕಿನ ಮೇಲಿನ ಗೋಪುರದ ಮುಚ್ಚಳ ಎತ್ತಿ ತೋರಿಸಿದೆ. ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.

“ಹೆಣೆ, ನನ್ನನ್ ಎಲ್ಲ್ ನಿಲ್ಸಿದ್ದೆ?”

ಫಿರಂಗಿಯ ಎಡಗಡೆ ತೋರಿಸಿ, “ಇಲ್ಲ್. ಮೂಡ್ ಬದಿಗೆ,” ಎಂದೆ.

“ಜಗ್ಲಿ ಮೇಲೆ ನಾನ್ ಕೂಕಂಡದ್ದ್ ಬಡಗ್ ಮುಖ ಮಾಡಿ. ನಂಗೆ ಮೂಡ್ ಅಂದ್ರೆ ಬಲಗೈ. ನೀನ್ ಎದ್ರ್ ಕೂಕಂಡಿದ್ದೆ ಅಲ್ದಾ?”

ನಾನು ತೆಂಕು ಮುಖವಾಗಿ ಕೂತಿದ್ದೆ. ನನಗೆ ಮೂಡು, ಪೂರ್ವ ದಿಕ್ಕು, ಎಂದರೆ ಎಡಗೈ. ನಮ್ಮಲ್ಲಿ ಚೊಂಬು ಎಲ್ಲಿದೆ ಎಂದು ಕೇಳಿದರೂ ಪಡು ಬದಿಗೆ ಎನ್ನುವವರೇ. ಎಡ ಬಲ ಹೇಳಿ ಅಭ್ಯಾಸವಿಲ್ಲ. ಟ್ಯಾಂಕು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಕೇಳಲು ಇಬ್ಬರಿಗೂ ಹೊಳೆದಿರಲಿಲ್ಲ. ಐವತ್ತೊಂದು ದಿನದ ಕೆಲಸ ಪೂರ್ತಿ ಅದಲುಬದಲು.

“ಹೋಯ್ಲಿ ಬಿಡ್,” ಎಂದರು ದೊಡ್ಡಪ್ಪ. “ಗೊತ್ತಿಪ್ಪರ್ ಯಾರಿದ್ರ್ ಇಲ್ಲ್?”

“ನೀವಿದ್ರಿ ಅಲ್ದಾ.”

ಅವರು ಬಸ್ಸು ಹತ್ತಿದ ಮೇಲೆ ಬ್ಲೇಡು ತೆಗೆದುಕೊಂಡು ಕೂತೆ. ಡೈರಿಯ ಲೆಕ್ಕ: ಕಿತ್ತದ್ದು ೪೩ ಚೂರು, ಮುರಿದದ್ದು ೧೭. ಗುರುವಾರ ಸಂಜೆಯೊಳಗೆ ಗನ್ನರ್, ಕಮಾಂಡರ್ ಇಬ್ಬರ ಸೀಟೂ ಎಡಗಡೆ ಕೂತವು. ಬಲಗಡೆ ಇಡಬೇಕಾದ ಗುಂಡುಗಳೇ ಹೆಚ್ಚು ಮುರಿದಿದ್ದವು. ದೊಡ್ಡಪ್ಪನ ಜಾಗ ಖಾಲಿಯೇ ಉಳಿಯಿತು.

ಶುಕ್ರವಾರ ಬೆಳಿಗ್ಗೆ, ಪ್ರದರ್ಶನದ ಉಸ್ತುವಾರಿಯ ಅಧ್ಯಾಪಕರು ಬಗ್ಗಿ ನೋಡಿದರು.

“ಅರ್ಧ ಕೆಲಸ ಯಾಕೆ ತೋರಿಸ್ತೀ? ಮುಚ್ಚಳ ಅಂಟಿಸಿಬಿಡು. ಹೊರಗೆ ಚೆನ್ನಾಗಿದೆ, ಬಹುಮಾನ ಬಂದರೂ ಬರಬಹುದು.”

“ಇಲ್ಲ ಸರ್,” ಎಂದು ಎಡ ಬಲ ಅದಲುಬದಲಾದದ್ದನ್ನು ಹೇಳಿದೆ.

“ತಪ್ಪಾದದ್ದೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.”

“ಅದಕ್ಕೇ ಸರ್, ಅಂಟಿಸುವುದಿಲ್ಲ.”

ಮುಚ್ಚಳವನ್ನು ಪಕ್ಕದಲ್ಲಿಟ್ಟೆ. ಖಾಲಿ ಜಾಗಕ್ಕೆ ‘ಗುಂಡು ತುಂಬುವವರು ನಿಲ್ಲುವ ಸ್ಥಳ. ಕೆಲಸ ಬಾಕಿ’ ಎಂದು ಚೀಟಿ ಬರೆದೆ. ತೀರ್ಪುಗಾರರು ಚೀಟಿ ಓದಿ ಮುಂದೆ ಹೋದರು. ಬಹುಮಾನ ಬೆಂಕಿಕಡ್ಡಿಯ ದೋಣಿಗೆ ಹೋಯಿತು.

ಹನ್ನೊಂದು ಗಂಟೆಗೆ ದೊಡ್ಡಪ್ಪ ಇಸ್ತ್ರಿ ಹಾಕಿದ ಅಂಗಿಯಲ್ಲಿ ಬಂದರು. ಚೀಟಿ ಓದಿ ಮೇಜಿನ ಪಕ್ಕದಲ್ಲೇ ನಿಂತರು. ಸ್ವಲ್ಪ ಹೊತ್ತಿಗೆ ಹಾಲಾಡಿಯ ಪರಿಚಯದವರೊಬ್ಬರು ಹಾದುಹೋಗುವುದು ಕಂಡಿತು.

“ಹ್ವಾಯ್, ಇಲ್ಲ್ ಬನ್ನಿ. ನಾನ್ ನಿತ್ಕಂತಿದ್ದದ್ದ್ ಕಾಣಿ, ಇಲ್ಲೇ.”

“ನೀವ್ ಡ್ರೈವರ್ ಅಲ್ದಾ?”

“ಡ್ರೈವರ್ ಅಲ್ಲ. ಡ್ರೈವರ್ ಇಪ್ಪುದ್ ಮುಂದೆ, ಕೆಳ್ಗೆ. ನಾನ್ ಇಲ್ಲೇ.” ಕಿರುಬೆರಳನ್ನು ಖಾಲಿ ಜಾಗದೊಳಗೆ ಇಳಿಸಿ ತೋರಿಸಿದರು.

ಬಾಗಿಲು ಹಾಕುವವರೆಗೂ ಅವರು ಕೂರಲಿಲ್ಲ. ಆ ದಿನದ ಡೈರಿಯಲ್ಲಿ ಒಂದೇ ಸಾಲು: ಡ್ರೈವರ್ ಅಲ್ಲ ಎಂದು ದೊಡ್ಡಪ್ಪ ಹೇಳಿದ್ದು, ೧೪ ಸಲ.